ಸದ್ದು ಇಳಿಯುವವರೆಗೆ

ಶಿವನಿಯಿಂದ ತರೀಕೆರೆಯ ಕಾಲೇಜಿಗೆ ಹೋಗುತ್ತಿದ್ದ ನನ್ನ ತಂಗಿ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕುಸಿದು ಕೂತಳು. ಎಂಬತ್ತರ ದಶಕದ ಮೊದಲ ವರ್ಷಗಳು. ಆಮೇಲೆ ಕಾಲೇಜಿಗೆ ಹೋಗಲಿಲ್ಲ. ಎದೆ ಹೊಡೆದುಕೊಳ್ಳುವುದು, ಉಸಿರು ನಿಂತೇಹೋಗುತ್ತದೆಂಬ ಭಯ. ಮಠದ ವಿಭೂತಿ ಆಯಿತು, ಮಾತ್ರೆ ಆಯಿತು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಹೊಸ ಪ್ರಯೋಗವೆಂದು ಅವಳ ತಲೆಗೆ ವೈರು ಅಂಟಿಸಿ ಯಂತ್ರದ ಮುಂದೆ ಕೂರಿಸಿದರು. ಮಿದುಳು ಶಾಂತವಾದರೆ ಯಂತ್ರದ ಸದ್ದು ಇಳಿಯುತ್ತದೆ. ಇಳಿಸುವುದನ್ನು ಅವಳೇ ಕಲಿಯಬೇಕು. ತಲೆಗೆ ಮಾತ್ರ ಎಣ್ಣೆ ಸೋಕಿಸಬಾರದು, ವೈರು ಹಿಡಿಯುವುದಿಲ್ಲ ಎಂದರು.

ಯಂತ್ರದ ಬಣ್ಣ ಹಸಿರು ಎಂದು ಇಲ್ಲಿ ಮೊದಲು ಬರೆದು ಹೊಡೆದುಹಾಕಿದ್ದೇನೆ. ಬೂದು ಬಣ್ಣವಿದ್ದೀತು. ವಾರಕ್ಕೊಮ್ಮೆ ಅಮ್ಮ, ತಂಗಿ, ನಾನು ರೈಲು ಹತ್ತುತ್ತಿದ್ದೆವು. ಕೆಲವು ವಾರಗಳಾದ ಮೇಲೆ ಸದ್ದು ಇಳಿಯಿತು. ತಂಗಿ ನಕ್ಕಳು. ನಕ್ಕಳೆಂದವಳು ಅಮ್ಮ, ನಾನಿದ್ದದ್ದು ಬಾಗಿಲಾಚೆ.

ಮುಂದಿನ ಸಲ ಸ್ಟೇಷನ್ನಿನಲ್ಲಿ ಪರಿಚಯದ ಹೆಂಗಸೊಬ್ಬಳು ತಂಗಿಯ ತಲೆ ನೋಡಿ, "ಯಾರ್ ಹೋಗ್ಬಿಟ್ರು ಕಣಮ್ಮಾ?" ಎಂದಳು. ನಮ್ಮಲ್ಲಿ ಎಣ್ಣೆ ಕಾಣದ ಕೂದಲೆಂದರೆ ಸೂತಕ.

"ಎಲ್ರೂ ಚೆನ್ನಾಗವ್ರೆ ಕಣ್ರೀ," ಎಂದು ಅಮ್ಮ ತನ್ನ ಸೆರಗನ್ನೇ ತಂಗಿಯ ತಲೆಗೆ ಹೊದಿಸಿದಳು.

ಅದರ ಮುಂದಿನ ವಾರ ಹೊರಡುವ ಮೊದಲು ಅಮ್ಮ ಎಣ್ಣೆ ಬಟ್ಟಲು ತಂದಳು.

"ಬ್ಯಾಡ ಕಣಮ್ಮಾ."

"ಒಂಚೂರು ಕಣೇ. ಬೆಳ್ದ್ ಹುಡ್ಗೀನ ಸಾವಿನ ಮನೆಯೋಳಂಗೆ ಕರ್ಕೊಂಡ್ ತಿರುಗ್ಲಾ?"

ಒಂಚೂರಲ್ಲ. ಬೆಂಗಳೂರಿನಲ್ಲಿ ವೈರುಗಳು ಜಾರಿದವು. ನರ್ಸಮ್ಮ ಕೈ ಒರೆಸಿಕೊಳ್ಳುತ್ತಾ, "ಏನ್ರೀ, ಬೋಂಡಾ ಕರಿಯೋಕೆ ಬಂದಿದೀರಾ?" ಎಂದರು. ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆಯುವಷ್ಟರಲ್ಲಿ ಸರದಿ ಬೇರೆಯವರಿಗೆ ಹೋಗಿತ್ತು. ಆ ಯಂತ್ರ ಒಂದೇ, ಕಾಯುವವರು ಬಹಳ. ಮತ್ತೆ ಸಿಕ್ಕ ಸರದಿ ತಿಂಗಳುಗಳಾಚೆಯದು. ಅಷ್ಟರೊಳಗೆ ಹುಡುಗಿ ತಲೆಯ ಆಸ್ಪತ್ರೆಗೆ ಹೋಗುತ್ತಾಳೆಂಬ ಸುದ್ದಿ ಕಡೂರಿನ ನೆಂಟರವರೆಗೂ ಮುಟ್ಟಿತು. "ಸಾಕು ಬಿಡ್ರಿ," ಎಂದರು ಅಪ್ಪ. ಸಿಕ್ಕ ಸರದಿಗೂ ನಾವು ಹೋಗಲಿಲ್ಲ.

ಒಂದು ಮಧ್ಯಾಹ್ನ ತಂಗಿ ಮಂಚದ ಅಂಚು ಹಿಡಿದು ಕೂತಿದ್ದಳು.

"ಅಣ್ಣಾ, ಆ ಮಿಷಿನ್ ತರ ಸದ್ದು ಮಾಡೋ."

"ಹೋಗೇ, ನಾನೇನು ಜೀರುಂಡೆನಾ?"

"ಮಾಡೋ."

ಬಾಯಿ ಮುಚ್ಚಿ ಗುಂಯ್‌ಗುಟ್ಟಿದೆ. ಅವಳು ಕಣ್ಣು ಮುಚ್ಚಿದಳು. ಬೆರಳ ಗೆಣ್ಣುಗಳು ಬಿಳಿಚಿದ್ದವು. ನೋಡಲಾರದೆ ಸದ್ದು ಇಳಿಸಿದೆ.

ಕಣ್ಣು ಬಿಟ್ಟಳು. "ಸುಳ್ಳು ಕಣಣ್ಣಾ. ನಂಗಿನ್ನೂ ಹಂಗೇ ಐತೆ."

ನಾನು ಸದ್ದು ಏರಿಸಿದೆ.