ಹೊಸ ಪಿಕಪ್ಪಿಗೆ ಹಳೆಯ ಹಾರನ್

ಫೆಬ್ರುವರಿ 16, ಬೆಳಿಗ್ಗೆ 11.10. ತಿಕೋಟಾದ ಗ್ಯಾರೇಜಿನಲ್ಲಿ ನಮ್ಮ ಕಾಕಾ ಹೊಸ ಪಿಕಪ್ಪಿಗೆ ಹಳೆಯದರ ಹಾರನ್ ಹಾಕಿಸುತ್ತಿದ್ದರು. ಹಳೆಯ ಗಾಡಿಯನ್ನು ನಿಡೋಣಿ ಊರಿನವರಿಗೆ ಮಾರಿದ್ದರೂ ಹಾರನ್ ಮಾತ್ರ ಕೇಳಿ ತಂದಿದ್ದರು. ಅದರ ದನಿ ಊರಬಾಗಿಲಾದ ಅಗಸಿಯಲ್ಲಿ ಕೇಳಿದರೆ ಸಾಕು, ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ರೊಟ್ಟಿಗೆ ಹಂಚು ಇಡುತ್ತಿದ್ದರು. ಹೊಸ ಹಾರನ್ ಅವರಿಗೆ ಗುರುತಾಗದೆ ಕಾಕಾ ತಣ್ಣನೆ ರೊಟ್ಟಿ ತಿಂದದ್ದು, ನಾನು ಬರೆದಿಟ್ಟಂತೆ, ಒಂಬತ್ತು ದಿನ.

“ಮೈ ಹೊಸಾದು, ಗಂಟಲ ಮುದುಕಂದು ಕೂಡಿಸೇನ್ರಿ ಕಾಕಾ,” ಎಂದು ಮಿಸ್ತ್ರಿ ನಕ್ಕರು.

ನಮ್ಮೂರು ಹೊನವಾಡದ ಅಗಸಿಯಲ್ಲಿ ಕಾಕಾ ಮೂರು ಸಲ ಹಾರನ್ ಒತ್ತಿದರು. ಮನೆಗೆ ಬಂದರೆ ಒಲೆಯ ಮೇಲೆ ಹಂಚಿಲ್ಲ, ಚಹಾ ಕುದಿಯುತ್ತಿದೆ.

“ನೀವೇನ್ರಿ? ಹಳೇ ಗಾಡಿ ತಗೊಂಡ ನಿಡೋಣಿಯವ್ರು ಬಂದ್ರಂತ ಚಹಾ ಇಟ್ಟೀನಿ,” ಎಂದರು ಕಾಕು.

ತಣ್ಣನೆ ರೊಟ್ಟಿಯ ದಿನಗಳು ಈಗ ಹತ್ತು. ಬಿಸಿ ರೊಟ್ಟಿ ಸಿಗಲು ಹಳೆಯ ಪಿಕಪ್ಪಿನ ಇನ್ನಾವ ಭಾಗ ಹೊಸದಕ್ಕೆ ಕೂಡುತ್ತದೆ, ಬಲ್ಲವರು ಬರೆದು ತಿಳಿಸಿ.