ಬಟ್ಟೆ ಅಂಗಡಿಯ ಕರಡಿ

ಬೆವರಿನಲ್ಲಿ ನೆನೆದ ಸ್ಪಂಜು, ನುಸಿಗುಳಿಗೆ, ಅದರ ಮೇಲೆ ಧಾರಾಳವಾಗಿ ಉದುರಿಸಿದ ಪೌಡರು. ಈ ಮೂರೂ ಸೇರಿದ ವಾಸನೆ ನಿಮಗೆ ಪರಿಚಯವಿರಲಾರದು. ಈಚೆಗೆ ಮಗಳಿಗೆ ಫ್ರಾಕ್ ಕೊಳ್ಳಲು ಮಾಲ್‌ಗೆ ಹೋದಾಗ, ಬಾಗಿಲಲ್ಲಿ ಮೊಲದ ವೇಷ ಹಾಕಿ ನಿಂತಿದ್ದವರು ಯಾರೋ ಬಗ್ಗಿ ಅವಳನ್ನು ತಬ್ಬಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತುಬಿಟ್ಟೆ. ಮಗಳು ಕೇಕೆ ಹಾಕುತ್ತಿದ್ದಳು. ಕೆಸರೆಯ ನಮ್ಮ ಹೆಂಚಿನ ಮನೆಯಲ್ಲಿ ರತ್ನತ್ತೆಯ ಸೀರೆಗೆ, ಜಡೆಗೆ, ಅವಳು ಮಲಗುತ್ತಿದ್ದ ಚಾಪೆಗೆ ಇದ್ದದ್ದು ಇದೇ ವಾಸನೆ.

ರತ್ನತ್ತೆ ಅಪ್ಪನ ತಂಗಿ. ಮದುವೆಯಾದ ವರ್ಷದೊಳಗೇ ಗಂಡನನ್ನು ಲಾರಿ ಅಪಘಾತದಲ್ಲಿ ಕಳೆದುಕೊಂಡು ತವರಿಗೆ ಬಂದವಳು. ಹುಡುಗಿಯಾಗಿದ್ದಾಗ ಗಣಪತಿ ಬಿಡುವ ದಿನ ಮೆರವಣಿಗೆಯ ಮುಂದೆ ಅವಳದೇ ಕುಣಿತವಂತೆ. ನಾನು ಕಂಡ ಅತ್ತೆ ಮಾತ್ರ ಗೋಡೆಗೆ ಒರಗಿ ಅಕ್ಕಿ ಆರಿಸುವ, ಯಾರಾದರೂ ಬಂದರೆ ಅಡುಗೆಮನೆಗೆ ಸರಿದುಹೋಗುವ ಹೆಂಗಸು. ಅಜ್ಜಿ ಕೆಟ್ಟವಳಲ್ಲ. ಹೊಲಮನೆ ಬಿಟ್ಟು ಪೇಟೆಗೆ ಬಂದು, ನೆರೆಹೊರೆಯವರ ಬಾಯಿಗೆ ಹೆದರಿಯೇ ಬದುಕಿದವಳು. ಅತ್ತೆ ಏನಕ್ಕಾದರೂ ಜೋರಾಗಿ ನಕ್ಕರೆ, "ಮೆತ್ಗೆ ಕಣೆ, ಜನ ಏನಂದ್ಕಂಡಾರು" ಎನ್ನುತ್ತಿದ್ದಳು. ಬರಬರುತ್ತಾ ಅತ್ತೆ ನಗುವುದನ್ನೇ ಬಿಟ್ಟಳು. ದೇವರಾಜ ಮೊಹಲ್ಲಾದ ಮಕ್ಕಳ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದಾಗ, "ಒಳ್ಗಡೆ ಬಟ್ಟೆ ಮಡಿಸೋ ಕೆಲ್ಸ ಕಣವ್ವ" ಎಂದಷ್ಟೇ ಹೇಳಿದಳು. ಸಂಜೆ ಬರುವಾಗ ತಲೆಗೆ ನೀರು ಹಾಕಿಕೊಂಡವಳ ಹಾಗೆ ಕೂದಲೆಲ್ಲ ಒದ್ದೆ. ಕೇಳಿದರೆ ಗೋಡೌನಿನಲ್ಲಿ ಫ್ಯಾನಿಲ್ಲ ಎನ್ನುತ್ತಿದ್ದಳು.

ಆ ಅಂಗಡಿಯ ಮುಂದೆ ಒಂದು ಕರಡಿ ಇತ್ತು. ಜೇನಿನ ಬಣ್ಣದ ತುಪ್ಪಳ, ಅಂಗಡಿಯದೇ ಕೆಂಪು ಅಂಗಿ, ಪಟ್ಟೆಪಟ್ಟೆ ಚಡ್ಡಿ. ಅಂಗಡಿಯ ಚೀಲಗಳ ಮೇಲೂ, ಆಟೋಗಳ ಹಿಂದೆ ಅಂಟಿಸಿದ ಜಾಹೀರಾತಿನಲ್ಲೂ ಅದೇ ಕರಡಿ. ನಾವೆಲ್ಲ ಅದನ್ನು ಕರಡಿ ಮಾಮ ಎನ್ನುತ್ತಿದ್ದೆವು. ಅದರ ಹಾಗೆ ಸೊಂಟ ತಿರುಗಿಸಿ ಕುಣಿಯದ ಮಗುವೇ ನಮ್ಮ ಶಾಲೆಯಲ್ಲಿರಲಿಲ್ಲ. ಬಟ್ಟೆಗೆ ಬಂದವರೆಲ್ಲ ಮಕ್ಕಳನ್ನು ಅದರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದು ಮಾತಾಡುತ್ತಿರಲಿಲ್ಲ. ನನ್ನನ್ನು ಕಂಡರೆ ಮಾತ್ರ ಓಡಿಬಂದು ಎತ್ತಿಕೊಂಡು ಗಿರ್ರನೆ ತಿರುಗಿಸುತ್ತಿತ್ತು. ಎಲ್ಲ ಮಕ್ಕಳಿಗೂ ಹಾಗೆಯೇ ಎಂದುಕೊಂಡಿದ್ದೆ. ಅಜ್ಜಿಗೂ ಆ ಕರಡಿಯೆಂದರೆ ಹುಚ್ಚು. ಮಾರ್ಕೆಟ್ಟಿಗೆ ಹೂವಿಗೆ ಹೋದಾಗಲೆಲ್ಲ ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಒಮ್ಮೆ ಅದು ಬಂದು ಅವಳ ಕಾಲು ಮುಟ್ಟಿದಾಗ, ಆ ದಪ್ಪ ತಲೆಯ ಮೇಲೆ ಕೈಯಿಟ್ಟು, "ಯಾವ ತಾಯಿ ಹೆತ್ತ ಮಗನೋ, ಚೆನ್ನಾಗಿರಪ್ಪ" ಎಂದಿದ್ದಳು.

ಯುಗಾದಿಯ ಹಿಂದಿನ ದಿನ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಹೊಸ ಬಟ್ಟೆಗೆ ಬಂದವರಿಂದ ಬೀದಿ ತುಂಬಿತ್ತು, ಧ್ವನಿವರ್ಧಕ ಕಿರುಚುತ್ತಿತ್ತು, ಕರಡಿ ಕುಣಿಯುತ್ತಿತ್ತು. ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದಳು. ಇದ್ದಕ್ಕಿದ್ದಂತೆ ಕರಡಿ ನಿಂತಿತು. ಒಂದು ಕೈ ಗೋಡೆಗೆ ಕೊಟ್ಟು ಮಂಡಿಯೂರಿತು. ಜನ ಅದೂ ಆಟವೆಂದು ನಕ್ಕರು. ಅಜ್ಜಿಯೂ ನಕ್ಕಳು, ನಾನೂ ನಕ್ಕೆ. ಕರಡಿ ಮಗ್ಗುಲಿಗೆ ಉರುಳಿತು, ಮತ್ತೆ ಏಳಲಿಲ್ಲ. ಹೂವಿನ ಹೆಂಗಸೊಬ್ಬಳು ಕೂಗಿಕೊಂಡಳು. ಅಂಗಡಿಯ ಕಾವಲುಗಾರ ಓಡಿಬಂದು ಕರಡಿಯ ತಲೆಯನ್ನು ಎರಡೂ ಕೈಯಿಂದ ಹಿಡಿದೆಳೆದ. ತಲೆ ಕಳಚಿ ಬಂತು. ಒಳಗೆ ಕೆನ್ನೆಗೆ ಅಂಟಿಕೊಂಡ ಒದ್ದೆ ಕೂದಲು, ಕಪ್ಪಿಟ್ಟ ತುಟಿ, ಮುಚ್ಚಿದ ಕಣ್ಣು. ರತ್ನತ್ತೆ.

ಕರಡಿ ನಮ್ಮತ್ತೆಯನ್ನು ನುಂಗಿಬಿಟ್ಟಿದೆ ಎಂದು ನಾನು ಚೀರಿದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಪಕ್ಕಕ್ಕೆ ನೋಡಿದರೆ, ನಗುತ್ತಿದ್ದ ಅಜ್ಜಿಯ ಬಾಯಿ ಹಾಗೆಯೇ ತೆರೆದಿತ್ತು. ನಗು ಹೋಗಿತ್ತು, ಬಾಯಿ ಮುಚ್ಚಿರಲಿಲ್ಲ. "ಅಯ್ಯೋ, ಹೆಂಗ್ಸು ಕಣ್ರೀ!" ಎಂದರು ಯಾರೋ. ಆ ಮಾತು ಗುಂಪಿನಲ್ಲಿ ಬಾಯಿಂದ ಬಾಯಿಗೆ ಹೋಯಿತು. ಹೂವಿನವಳು ಅತ್ತೆಯ ಮುಖಕ್ಕೆ ನೀರು ಚಿಮುಕಿಸುತ್ತಾ ನಮ್ಮ ಕಡೆ ತಿರುಗಿ, "ಮಗಾ ಅತ್ತೆ ಅಂತದಲ್ಲ, ನಿಮ್ಗೇನಾಗ್ಬೇಕು ಅಜ್ಜಿ?" ಎಂದಳು. ಅಜ್ಜಿ ಸುತ್ತ ನೋಡಿದಳು. ಅವಳು ಜೀವಮಾನವೆಲ್ಲ ಹೆದರಿದ್ದ ಜನ ಅಲ್ಲಿ ಸಾಲುಗಟ್ಟಿ ನಿಂತಿದ್ದರು. ಅವಳು ನನ್ನ ಕೈ ಹಿಡಿದು ಹೊರಟೇಬಿಡುತ್ತಾಳೆ ಎಂದು ನನಗೆ ಭಯವಾಯಿತು. ಅಜ್ಜಿ ಬೀದಿಯಲ್ಲೇ ಕೂತಳು. ಅತ್ತೆಯ ತಲೆಯನ್ನು ತೊಡೆಯ ಮೇಲೆಳೆದುಕೊಂಡು, ಸೆರಗಿನಿಂದ ಮುಖ ಒರೆಸುತ್ತಾ ಹೇಳಿದಳು: "ನನ್ ಮಗ್ಳು ಕಣವ್ವ. ನಾನೇ ಹೆತ್ತಿರೋದು."

ಆಸ್ಪತ್ರೆಯಲ್ಲಿ ಅತ್ತೆಗೆ ಗ್ಲೂಕೋಸ್ ಬಾಟಲಿ ಹಾಕಿಸಿ ಸಂಜೆ ಮನೆಗೆ ಬಂದೆವು. ಅಪ್ಪ ಬಾಗಿಲಲ್ಲೇ, "ಬೀದೀಲಿ ಕುಣ್ಯಾಕೆ ಹೋಗಿದ್ಯಾ? ನಾಚ್ಕೆ ಆಗ್ಲಿಲ್ವಾ?" ಎಂದು ಎಗರಾಡಿದರು. "ನೀನು ಸುಮ್ಕಿರ್ಲಾ" ಎಂದು ಅಜ್ಜಿ ಗದರಿದಳು. ಆಮೇಲೆ ಅತ್ತೆಯ ಪಕ್ಕ ಕೂತು ಕೇಳಿದಳು.

"ಅವತ್ತು ನನ್ ಕಾಲು ಮುಟ್ಟಿದ್ದು ನೀನೇಯಾ?"

"ಹೂಂ ಕಣವ್ವ. ನೀನು ನನ್ನ ನೋಡಿ ನಗ್ತಿದ್ದೆ. ಮನೇಲಿ ನನ್ ಮಕನೇ ನೋಡ್ತಿರ್ಲಿಲ್ವಲ್ಲ."

ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಮಜ್ಜಿಗೆಯ ಲೋಟ ಹಿಡಿದು ಹಿಂದಿರುಗಿ ಅತ್ತೆಗೆ ತಾನೇ ಕುಡಿಸಿದಳು.

ಅತ್ತೆ ಮತ್ತೆ ಆ ವೇಷ ಹಾಕಲಿಲ್ಲ. ಡಾಕ್ಟರು ಬೇಡವೆಂದರು, ಗಾರ್ಮೆಂಟ್ಸ್ ಸೇರಿದಳು. ಮರುವರ್ಷ ನೆಂಟರ ಮದುವೆಯ ದಿಬ್ಬಣದಲ್ಲಿ ಬ್ಯಾಂಡು ಬಾರಿಸುತ್ತಿದ್ದಾಗ, ಎಲ್ಲರೆದುರಿಗೇ ಅಜ್ಜಿ ಅವಳ ಬೆನ್ನಿಗೆ ಕೈಯಿಟ್ಟು, "ಓಗು, ನೀನೂ ಕುಣಿ" ಎಂದಳು. ಅತ್ತೆ ಮುಂದೆ ಹೋದಳು, ಕೈ ಎತ್ತಿದಳು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆಂದು ತಿಳಿದೊಡನೆ ಆ ಕೈಗಳು ತಾವಾಗಿಯೇ ಇಳಿದವು. ಬಂದು ಅಜ್ಜಿಯ ಪಕ್ಕ ಕೂತಳು. ಅಜ್ಜಿ ಆ ದಿನ ಊಟ ಮಾಡಲಿಲ್ಲ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಹೆಂಚಿನ ಮನೆಯಿದ್ದ ಜಾಗದಲ್ಲೀಗ ಮೂರಂತಸ್ತಿನ ಕಟ್ಟಡ. ಹೋದ ವರ್ಷ ರತ್ನತ್ತೆಯೂ ತೀರಿಕೊಂಡಳು. ಹಾರ ಹಾಕಲು ಫೋಟೊ ಹುಡುಕಿದರೆ ಸಿಕ್ಕಿದ್ದು ಆಧಾರ್ ಕಾರ್ಡಿನದೊಂದೇ, ಅದರಲ್ಲೂ ಬಿಗಿದ ತುಟಿ. ಅದನ್ನೇ ದೊಡ್ಡದು ಮಾಡಿಸಿ ಇಟ್ಟೆವು. ಈ ಊರಿನ ಎಷ್ಟೋ ಮನೆಗಳ ಆಲ್ಬಮ್ಮುಗಳಲ್ಲಿ, ಈಗ ದೊಡ್ಡವರಾಗಿರುವ ಯಾರು ಯಾರದೋ ಮಕ್ಕಳನ್ನು ಎತ್ತಿಕೊಂಡು ಅವಳು ನಿಂತಿದ್ದಾಳೆ, ಕರಡಿಯ ಒಳಗೆ ನಗುತ್ತಾ. ಆ ಫೋಟೊಗಳನ್ನು ತಿರುವಿಹಾಕುವ ಯಾರಿಗೂ ಅವಳ ಹೆಸರು ಗೊತ್ತಿಲ್ಲ.