ಅತ್ತೆಯ ಹಪ್ಪಳದ ಮಶಿನ್ನು

ಇಂಜಿನಿಯರಿಂಗಿನ ಕೊನೆಯ ವರ್ಷ ನಮಗೆ ‘ಉತ್ಪನ್ನ ಅಭಿವೃದ್ಧಿ’ ಎಂಬುದೊಂದು ವಿಷಯವಿತ್ತು. ಅದಕ್ಕೆ ಪರೀಕ್ಷೆ ಇಲ್ಲ. ತಂಡ ಕಟ್ಟಿಕೊಂಡು ಏನಾದರೊಂದು ವಸ್ತು ಮಾಡಿ ತೋರಿಸಬೇಕು. ಹತ್ತಾಳಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎನ್ನುತ್ತಾರೆ. ಕಾಲೇಜಿನ ತಂಡಗಳಲ್ಲಿ ಹತ್ತಾಳೂ ಸೇರಿ ಹೊರೆಯನ್ನು ಆ ಒಬ್ಬನ ತಲೆಗೇ ಏರಿಸಿ ಕ್ಯಾಂಟೀನಿಗೆ ಹೋಗುವುದನ್ನು ನಾನು ಮೊದಲೇ ಕಂಡಿದ್ದೆ. ಹಾಗಾಗಿ ನಮ್ಮ ತಂಡ ಚಿಕ್ಕದು: ಶಿರಸಿಯ ನಾನು, ಯಲ್ಲಾಪುರದ ಒಬ್ಬ ಹುಡುಗ, ದಾಸನಕೊಪ್ಪದ ಗೆಳತಿ. ವೆಲ್ಡಿಂಗ್ ಬರುತ್ತಿದ್ದುದು ಗೆಳತಿಗೆ ಮಾತ್ರ.

ಮೇಷ್ಟ್ರು ವಿಧಾನ ಹೇಳಿಕೊಟ್ಟರು. ವಸ್ತುವನ್ನು ಮೊದಲು ಯೋಚಿಸಬಾರದು. ಬಳಸುವವರ ಮನೆಗೆ ಹೋಗಬೇಕು, ಅವರು ಆಡಿದ್ದನ್ನು ಬರೆದುಕೊಳ್ಳಬೇಕು, ಅದರಿಂದ ಅಗತ್ಯವನ್ನು ಒಂದೇ ವಾಕ್ಯಕ್ಕೆ ಇಳಿಸಬೇಕು. ಆಮೇಲೆ ನಾಲ್ಕಾರು ಮಾದರಿ ಯೋಚಿಸಿ, ಅಂಕ ಹಾಕಿ, ಹೆಚ್ಚು ಅಂಕ ಬಂದದ್ದನ್ನು ಮಾಡಬೇಕು. ಕೇಳಲು ಹಪ್ಪಳ ಸುಟ್ಟಷ್ಟು ಸುಲಭವಾಗಿತ್ತು.

ಬಳಸುವವರೆಂದು ನಮಗೆ ಸಿಕ್ಕವಳು ಕಾನಸೂರಿನ ಹತ್ತಿರ ಇರುವ ನನ್ನ ಸೋದರತ್ತೆ. ಅವಳ ಕೇರಿಯಲ್ಲಿ ಬೇಸಿಗೆ ಬಂತೆಂದರೆ ಹಲಸಿನ ಹಪ್ಪಳ ಒತ್ತುವ ಕೆಲಸ ಮನೆಯಿಂದ ಮನೆಗೆ ತಿರುಗುತ್ತದೆ. ಇವತ್ತು ಇವರಲ್ಲಿ ಎಲ್ಲರೂ, ನಾಳೆ ಅವರಲ್ಲಿ ಎಲ್ಲರೂ. ನಮ್ಮ ಮನೆಗೆ ಬಂದು ಒತ್ತಿಕೊಟ್ಟವರ ಮನೆಗೆ ನಾವೂ ಹೋಗಿ ಒತ್ತಿಕೊಟ್ಟು ಮುಯ್ಯಿ ತೀರಿಸಬೇಕು. ಅತ್ತೆ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಬಲ ಮಾತ್ರ ಮರಳಲಿಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಅವಳೇ ಹೋಗುವುದನ್ನು ಬಿಟ್ಟಿದ್ದಳು.

“ಕೈಲಿ ಒತ್ತಲೆ ಆಗ್ತಿಲ್ಲೆ ತಂಗಿ,” ಅಂದಳು ಗೆಳತಿಗೆ. “ಆನು ಯಾರ ಮನೆ ಹಪ್ಪಳಕ್ಕೂ ಹೋಗ್ತಿಲ್ಲೆ. ಆನು ಹೋಗ್ದೆ ಅವ್ರನ್ನ ಕರೆಯದು ಹೆಂಗೆ? ಒಬ್ಬಳೇ ಕೂತು ಕೂತು ಬೇಜಾರು ಬಂದೋತು.”

ನಾವು ಎಲ್ಲವನ್ನೂ ಬರೆದುಕೊಂಡೆವು. ಕಾಲೇಜಿಗೆ ಬಂದು ಒಂದು ವಾಕ್ಯಕ್ಕೆ ಇಳಿಸಿದೆವು: ಕೈಗೆ ಶ್ರಮವಿಲ್ಲದೆ, ಒಬ್ಬರೇ, ಬೇಗ ಹಪ್ಪಳ ಒತ್ತುವಂತಾಗಬೇಕು. ಮೇಷ್ಟ್ರು ‘ಒಬ್ಬರೇ’ ಎಂಬುದರ ಕೆಳಗೆ ಗೆರೆ ಎಳೆದು ಮೆಚ್ಚಿದರು.

ಹಲಸು ಬಲಿಯುವ ಹೊತ್ತಿಗೆ ಮಶಿನ್ನು ತಯಾರಾಯಿತು. ಕಾಲಲ್ಲಿ ತುಳಿದರೆ ಮೇಲಿನ ಹಲಗೆ ಇಳಿದು ಒಂದೇ ಸಲಕ್ಕೆ ನಾಲ್ಕು ಹಪ್ಪಳ. ತುಳಿಯುವ ಪಟ್ಟಿಯನ್ನು ಹಲಗೆಗೆ ಜೋಡಿಸಿದ್ದು ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ಪಿನ್ನು. ಗೂಡ್ಸ್ ಆಟೋದಲ್ಲಿ ಒಯ್ದು ಅತ್ತೆಯ ಜಗಲಿಯಲ್ಲಿ ಇಳಿಸಿದೆವು. ಅತ್ತೆ ತುಳಿದು ನೋಡಿದಳು.

“ಹೆಂಗೈತ್ರಿ ಅತ್ತಿ? ಏನರ ಕಡಿಮಿ ಇದ್ರ ಹೇಳ್ರಿ,” ಅಂದಳು ಗೆಳತಿ.

“ಎಂತ ಕಡಿಮೆಯೂ ಇಲ್ಲೆ. ಚೊಲೊ ಆಯ್ದು. ಆಸರಿಗೆ ಎಂತ ಕುಡಿತ್ರಿ?”

ಮನೆಗೆ ಬಂದವರು ಪ್ರೀತಿಯಿಂದ ತಂದುಕೊಟ್ಟದ್ದಕ್ಕೆ ಹೆಸರಿಡುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಬೇಕು. ಇದು ನಮಗೆ ಮೂವರಿಗೂ ಗೊತ್ತಿತ್ತು. ಆದರೂ ಬಳಕೆದಾರರ ಅಭಿಪ್ರಾಯ ಎಂಬಲ್ಲಿ ಪೂರ್ತಿ ಅಂಕ ಹಾಕಿ, ಬೆಲ್ಲದ ಪಾನಕ ಕುಡಿದು ಬಂದೆವು.

ಆಮೇಲಾದದ್ದು ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕಥೆ. ಸುದ್ದಿ ಕೇರಿಗೆಲ್ಲ ಹಬ್ಬಿತು. “ನಿಮ್ಮಲ್ಲಿ ಮಶಿನ್ ಇದ್ದಲೆ” ಎನ್ನುತ್ತ ಮನೆಮನೆಯವರು ಹಿಟ್ಟಿನ ಡಬರಿಗಳನ್ನು ಅತ್ತೆಯ ಜಗಲಿಯಲ್ಲಿಟ್ಟು ಹೋಗತೊಡಗಿದರು. ಸಂಜೆ ಬಂದು ಹಪ್ಪಳ ಒಯ್ಯುತ್ತಿದ್ದರು. ಇಲ್ಲ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಕೇರಿಯಲ್ಲಿ ಯಾರ ಮನೆಯಲ್ಲೂ ಯಾರೂ ಸೇರದಂತಾಯಿತು. ವರದಿಗೆ ಫೋಟೋ ಬೇಕೆಂದು ನಾನು ಹೋದಾಗ ಅವಳು ಒಬ್ಬಳೇ ತುಳಿಯುತ್ತಿದ್ದಳು. ನನ್ನನ್ನು ನೋಡಿ ಒಮ್ಮೆ ನಕ್ಕು ಮತ್ತೆ ತುಳಿಯತೊಡಗಿದಳು. ನನಗೆ ಕಸಿವಿಸಿಯಾಯಿತು. ಫೋಟೋ ಚೆನ್ನಾಗಿ ಬಂತು, ಪ್ರಾಜೆಕ್ಟಿಗೆ ತರಗತಿಯಲ್ಲೇ ಹೆಚ್ಚಿನ ಅಂಕವೂ ಬಂತು.

ಮೇ ತಿಂಗಳಲ್ಲಿ ಅತ್ತೆಯ ಫೋನು. “ಮಶಿನ್ ಹಾಳಾಯ್ದು. ಬಪ್ಪದು ಬೇಡ, ಸುಮ್ನೆ ಹೇಳಿದೆ.”

ತಾನು ಬೆಸೆದ ಕಬ್ಬಿಣ ಹಾಳಾಯಿತೆಂದರೆ ಗೆಳತಿ ಸುಮ್ಮನಿರುವವಳಲ್ಲ. ಪಿನ್ನೇ ಮುರಿದಿರಬೇಕೆಂದು ಹೊಸ ಪಿನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ದಾರಿ ತೋರಿಸಲು ನಾನೂ ಹೋದೆ. ಅತ್ತೆಯ ಜಗಲಿ ತುಂಬ ಹೆಂಗಸರಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಗಲಾಟೆ. ಎಲ್ಲರೂ ಮಣೆಯ ಮೇಲೆ ಹಪ್ಪಳ ಒತ್ತುತ್ತಿದ್ದರು. ನಡುವೆ ಅತ್ತೆ ಎಡಗೈಯಲ್ಲಿ ಉಂಡೆಗಳಿಗೆ ಎಣ್ಣೆ ಸವರಿ ಕೊಡುತ್ತಿದ್ದಳು. ಮಶಿನ್ನು ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು.

ಗೆಳತಿ ಗೋಣಿ ಸರಿಸಿ, ಬಗ್ಗಿ ನೋಡಿದಳು. “ಪಿನ್ನು ಮುರಿದಿಲ್ಲ. ಯಾರೋ ಬಿಚ್ಯಾರ ನೋಡು,” ಎಂದು ನನ್ನ ಕಿವಿಯಲ್ಲಿ ಅಂದಳು.

ಅಷ್ಟರಲ್ಲಿ ಅತ್ತೆ ಎದ್ದು ಬಂದಳು. ಗೆಳತಿಯ ಕೈಯಲ್ಲಿದ್ದ ಹೊಸ ಪಿನ್ನು ಕಂಡು ದನಿ ತಗ್ಗಿಸಿದಳು.

“ಹಾಕದು ಬೇಡ ತಂಗಿ. ಎಲ್ಲರ ಮನೆದೂ ಆನು ಒತ್ತಿ ಕೊಟ್ಟಾತು. ಈಗ ಮುಯ್ಯಿ ಅವ್ರ ಮೇಲೆ ಇದ್ದು. ಕರೆಯಲೆ ಯಂಗೆ ಈಗ ನಾಚಿಕೆ ಇಲ್ಲೆ.”

ನಮ್ಮ ವಿಧಾನದಲ್ಲಿ ಇದಕ್ಕೆ ಯಾವ ಹಂತವೂ ಇರಲಿಲ್ಲ. ಗೆಳತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

“ರಿಪೇರಿ ಆಗ್ತಡಾ?” ಗುಂಪಿನಿಂದ ಒಬ್ಬರು ಕೂಗಿ ಕೇಳಿದರು.

“ಇಲ್ರೀ,” ಅಂದಳು ಗೆಳತಿ, ಪಿನ್ನನ್ನು ಚೀಲಕ್ಕೆ ಹಾಕುತ್ತ. “ಇದು ಆಗೂದಿಲ್ಲ ಬಿಡ್ರಿ. ಪೂರಾ ಹೋಗೇತಿ.”

 ಅತ್ತೆ ಒಳಗಿನಿಂದ ಇನ್ನೊಂದು ಮಣೆ ತಂದು ತನ್ನ ಪಕ್ಕದಲ್ಲೇ ಹಾಕಿ, ಗೆಳತಿಯ ಕೈಹಿಡಿದು ಕೂರಿಸಿಕೊಂಡಳು.